ಶಾರ್ಟ್‌ಹಾರ್ನ್ ಕಡಸು: ಆರಿಸುವ ಬಗೆ, ಅಣಿಗೊಳಿಸುವ ಬಗೆ

ಬೇಸಿಗೆ ರಜೆ ಬಂತೆಂದರೆ ಅಮೆರಿಕದ ಹಳ್ಳಿಗಾಡಿನಲ್ಲಿ ಕೌಂಟಿ ಫೇರ್‌ಗಳ ಸಡಗರ ಶುರುವಾಗುತ್ತದೆ. ರಾಟೆ ತೊಟ್ಟಿಲು, ಸುಟ್ಟ ಜೋಳದ ತೆನೆ, ನಿಂಬೆಹಣ್ಣಿನ ಪಾನಕ ಎಲ್ಲವೂ ಇರುತ್ತವೆ. ಆದರೆ ಫೇರ್‌ನ ಜೀವ ಇರುವುದು ಹಿಂಬದಿಯ ದನದ ಕೊಟ್ಟಿಗೆಗಳಲ್ಲಿ. ಹತ್ತು ಹನ್ನೆರಡು ವರ್ಷದ ಮಕ್ಕಳು ತಮಗಿಂತ ಎಂಟು ಹತ್ತು ಪಟ್ಟು ತೂಕದ ದನಗಳನ್ನು ಹಗ್ಗ ಹಿಡಿದು ನಡೆಸಿಕೊಂಡು ಹೋಗುವುದನ್ನು ಅಲ್ಲಿ ನೋಡಬಹುದು. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ ಕಂಡವರಿಗೆ ಆಗ ಊರಿನ ನೆನಪು ಬಾರದೆ ಇರದು.

ಈ ದೇಶದಲ್ಲಿ ಬೆಳೆಯುವ ನಮ್ಮ ಮಕ್ಕಳಲ್ಲೂ ಕೆಲವರು ಫೋರ್-ಎಚ್ ಕ್ಲಬ್ ಸೇರುತ್ತಾರೆ. ಒಂದು ದಿನ ಮನೆಗೆ ಬಂದು, "ಅಪ್ಪಾ, ನಾನೊಂದು ಹೈಫರ್ ಸಾಕ್ತೀನಿ" ಎನ್ನುತ್ತಾರೆ. ಅಪ್ಪ ಅಮ್ಮ ಇಬ್ಬರಿಗೂ ಏನು ಹೇಳಬೇಕೆಂದು ತೋಚುವುದಿಲ್ಲ. ಅಜ್ಜನ ಮನೆಯಲ್ಲಿ ಹಸು ಇದ್ದಿರಬಹುದು, ಆದರೆ ಇಲ್ಲಿನ ತಳಿಯೇ ಬೇರೆ, ರೀತಿಯೇ ಬೇರೆ. ಅಂಥ ಮನೆಗಳಿಗೆ ನೆರವಾಗಲೆಂದು, ಫೇರ್‌ಗಳಲ್ಲಿ ಮಕ್ಕಳು ಇಷ್ಟಪಟ್ಟು ಸಾಕುವ ಶಾರ್ಟ್‌ಹಾರ್ನ್ ತಳಿಯ ಕಡಸನ್ನು ಆರಿಸುವುದು, ಸಾಕುವುದು, ಪ್ರದರ್ಶನಕ್ಕೆ ಅಣಿಗೊಳಿಸುವುದು, ಮುಂದೆ ಅದರಿಂದ ಕರು ಪಡೆಯುವುದು ಹೇಗೆಂದು ಇಲ್ಲಿ ತಿಳಿಸಲಾಗಿದೆ.

ಫೋರ್-ಎಚ್ ಎಂದರೇನು? ಹೈಫರ್ ಎಂದರೇನು?

ಫೋರ್-ಎಚ್ ಎಂಬ ಮಕ್ಕಳ ಸಂಘಟನೆಯ ಬೇರು 1902ರಲ್ಲಿ ಓಹಾಯೋ ರಾಜ್ಯದ ಕ್ಲಾರ್ಕ್ ಕೌಂಟಿಯಲ್ಲಿ ಎ. ಬಿ. ಗ್ರಹಾಂ ಎಂಬ ಶಾಲಾ ಅಧಿಕಾರಿ ಆರಂಭಿಸಿದ ಮಕ್ಕಳ ಕೂಟದಲ್ಲಿದೆ. ತಲೆ, ಹೃದಯ, ಕೈ, ಆರೋಗ್ಯ ಈ ನಾಲ್ಕಕ್ಕೂ ಇಂಗ್ಲಿಷಿನಲ್ಲಿ 'ಎಚ್' ಮೊದಲಕ್ಷರ. ಹೆಸರು ಬಂದದ್ದು ಅದರಿಂದ. ರಾಜ್ಯ ವಿಶ್ವವಿದ್ಯಾಲಯಗಳ ಕೃಷಿ ವಿಸ್ತರಣಾ ವಿಭಾಗ ಇದನ್ನು ನಡೆಸುತ್ತದೆ. ಸಾಮಾನ್ಯವಾಗಿ 8ರಿಂದ 18 ವರ್ಷದ ಮಕ್ಕಳು ದನ, ಕುರಿ, ಕೋಳಿ ಸಾಕಿ ಪ್ರದರ್ಶಿಸಬಹುದು.

ಹೈಫರ್ ಎಂದರೆ ಇನ್ನೂ ಕರು ಹಾಕದ ಎಳೆಯ ಹಸು. ನಾವು ಅದನ್ನು ಕಡಸು ಎನ್ನುತ್ತೇವೆ, ಕೆಲವು ಕಡೆ ಮಣಕ ಎನ್ನುತ್ತಾರೆ. ಸ್ಟಿಯರ್ ಎಂದರೆ ಬೀಜ ಒಡೆದ ಹೋರಿಗರು. ಈ ಎರಡರ ವ್ಯತ್ಯಾಸ ನಮ್ಮ ಮನೆಗಳಿಗೆ ಬಹಳ ಮುಖ್ಯ. ಸ್ಟಿಯರನ್ನು ಸಾಕುವುದು ಮಾಂಸಕ್ಕಾಗಿ, ಫೇರ್ ಮುಗಿದ ಮೇಲೆ ಅದು ಮಾರಾಟವಾಗುತ್ತದೆ. ಕಡಸನ್ನು ಸಾಕುವುದು ತಳಿಗಾಗಿ. ಪ್ರದರ್ಶನ ಮುಗಿದ ಮೇಲೆ ಅದು ಕೊಟ್ಟಿಗೆಗೆ ಮರಳುತ್ತದೆ, ಕರು ಹಾಕುತ್ತದೆ, ಹಲವು ವರ್ಷ ಬಾಳುತ್ತದೆ. ಹೀಗಾಗಿ ಹಸುವನ್ನು ಪೂಜಿಸುವ ಮನೆಯ ಮಕ್ಕಳಿಗೂ ಕಡಸು ಸಾಕುವುದು ಒಪ್ಪಿಗೆಯಾಗುವುದುಂಟು. ಆದರೂ ಒಂದು ಮಾತನ್ನು ಮುಚ್ಚಿಡಬಾರದು. ಇಲ್ಲಿನ ಶಾರ್ಟ್‌ಹಾರ್ನ್ ಹಿಂಡುಗಳಲ್ಲಿ ಹೆಚ್ಚಿನವು ಮಾಂಸದ ತಳಿಯವು. ಆ ಕಡಸಿಗೆ ಹುಟ್ಟುವ ಹೋರಿಗರುಗಳಲ್ಲಿ ಬಹುಪಾಲು ಕೊನೆಗೆ ಮಾಂಸದ ಮಾರುಕಟ್ಟೆಗೇ ಹೋಗುತ್ತವೆ. ಇದನ್ನು ಮಕ್ಕಳೊಡನೆ ಮೊದಲೇ ಕೂತು ಮಾತಾಡಿ. ಒಗ್ಗದವರು ಹಾಲಿನ ಶಾರ್ಟ್‌ಹಾರ್ನ್ ತಳಿಯನ್ನು ನೋಡಬಹುದು. ಅಲ್ಲೂ ಹೋರಿಗರುಗಳ ಪ್ರಶ್ನೆ ಪೂರ್ತಿ ಇಲ್ಲವಾಗುವುದಿಲ್ಲ, ಆದರೆ ಹಸುವಿನ ಬಾಳು ಹಾಲಿನ ಸುತ್ತ ಇರುತ್ತದೆ.

ತಳಿಯ ಹಿನ್ನೆಲೆ

ಶಾರ್ಟ್‌ಹಾರ್ನ್ ಎಂದರೆ ಗಿಡ್ಡಕೊಂಬಿನದು. ಇಂಗ್ಲೆಂಡಿನ ಈಶಾನ್ಯ ಭಾಗದಲ್ಲಿ, ಟೀಸ್ ನದಿಯ ಆಸುಪಾಸಿನ ಡರ್ಹಮ್ ಮತ್ತು ಯಾರ್ಕ್‌ಶೈರ್ ಸೀಮೆಯಲ್ಲಿ 18ನೇ ಶತಮಾನದ ಕೊನೆಗೆ ಈ ತಳಿ ರೂಪುಗೊಂಡಿತು. ಚಾರ್ಲ್ಸ್ ಕೋಲಿಂಗ್, ರಾಬರ್ಟ್ ಕೋಲಿಂಗ್ ಎಂಬ ಅಣ್ಣತಮ್ಮಂದಿರು ಇದರ ಮೂಲಪುರುಷರೆಂದು ಹೆಸರಾದವರು. ಚಾರ್ಲ್ಸ್ ಕೋಲಿಂಗ್ ಅವರ 'ಕಾಮೆಟ್' ಎಂಬ ಗೂಳಿ 1810ರಲ್ಲಿ 1000 ಗಿನಿಗೆ ಮಾರಾಟವಾಗಿ ಆ ಕಾಲದಲ್ಲಿ ದೊಡ್ಡ ಸುದ್ದಿಯಾಯಿತು. ಜಾರ್ಜ್ ಕೋಟ್ಸ್ 1822ರಲ್ಲಿ ಪ್ರಕಟಿಸಿದ ಈ ತಳಿಯ ವಂಶಾವಳಿ ಪುಸ್ತಕ, ದನಗಳ ಯಾವುದೇ ತಳಿಗೆ ಬಂದ ಮೊದಲ ವಂಶಾವಳಿ ಪುಸ್ತಕ. ಮುಂದೆ ಥಾಮಸ್ ಬೇಟ್ಸ್ ಅವರ ಹಿಂಡು ಹಾಲಿಗೂ, ಬೂತ್ ಮನೆತನದ ಹಿಂಡು ಮಾಂಸಕ್ಕೂ ಹೆಸರಾಗಿ ತಳಿ ಎರಡು ಕವಲಾಯಿತು.

ಅಮೆರಿಕಕ್ಕೆ ಈ ದನಗಳು 1783ರಲ್ಲೇ ವರ್ಜೀನಿಯಾಕ್ಕೆ ಬಂದವು. ಆಗ ಅವನ್ನು 'ಡರ್ಹಮ್' ಎಂದು ಕರೆಯುತ್ತಿದ್ದರು. ಹಾಲು ಕೊಡುವುದು, ಬಂಡಿ ಎಳೆಯುವುದು, ಮಾಂಸ, ಮೂರಕ್ಕೂ ಒದಗುತ್ತಿದ್ದ ದನವಾದ್ದರಿಂದ ಹೊಸ ನೆಲಕ್ಕೆ ವಲಸೆ ಬಂದವರಿಗೆ ಅದು ಅಚ್ಚುಮೆಚ್ಚು. ಅಮೆರಿಕನ್ ಶಾರ್ಟ್‌ಹಾರ್ನ್ ಅಸೋಸಿಯೇಷನ್ 1872ರಲ್ಲಿ ಸ್ಥಾಪನೆಯಾಯಿತು. ಮಕ್ಕಳಿಗೆಂದೇ ಅದರ ಕಿರಿಯರ ಸಂಘವೂ ಇದೆ. ಸಾಮಾನ್ಯವಾಗಿ ಸಾಧು ಸ್ವಭಾವದ ತಳಿಯಾದ್ದರಿಂದ ಮಕ್ಕಳ ಕೈಗೆ ಒಪ್ಪುತ್ತದೆ.

ಬಣ್ಣದ ಲೆಕ್ಕ

ಶಾರ್ಟ್‌ಹಾರ್ನ್ ದನ ಕೆಂಪು, ಬಿಳಿ, ಅಥವಾ ಎರಡೂ ಕೂದಲು ಬೆರೆತ 'ರೋನ್' ಬಣ್ಣದಲ್ಲಿ ಇರುತ್ತದೆ. ಕೆಂಪು ಬಿಳಿ ಮಚ್ಚೆಯವೂ ಉಂಟು. ಈ ಬಣ್ಣ ಬರುವ ರೀತಿ ನಮ್ಮ ಹೈಸ್ಕೂಲು ಮಕ್ಕಳಿಗೆ ಜೀವಶಾಸ್ತ್ರದ ಒಳ್ಳೆಯ ಪಾಠ. ಪ್ರತಿ ಕರುವೂ ತಾಯಿಯಿಂದ ಒಂದು, ತಂದೆಯಿಂದ ಒಂದು ಬಣ್ಣದ ಜೀನ್ ಪಡೆಯುತ್ತದೆ. ಎರಡೂ ಕೆಂಪಾದರೆ ಕರು ಕೆಂಪು, ಎರಡೂ ಬಿಳಿಯಾದರೆ ಕರು ಬಿಳಿ. ಒಂದು ಕೆಂಪು ಒಂದು ಬಿಳಿ ಆದರೆ ಯಾವುದೂ ಇನ್ನೊಂದನ್ನು ಮುಚ್ಚುವುದಿಲ್ಲ, ಎರಡೂ ಕಾಣಿಸಿಕೊಂಡು ಕರು ರೋನ್ ಆಗುತ್ತದೆ. ಆದ್ದರಿಂದ ಕೆಂಪು ಹಸುವಿಗೆ ಬಿಳಿ ಗೂಳಿ ಕೂಡಿದರೆ ಕರುಗಳೆಲ್ಲ ರೋನ್. ರೋನ್ ಹಸುವಿಗೆ ರೋನ್ ಗೂಳಿ ಕೂಡಿದರೆ ಸರಾಸರಿ ನಾಲ್ಕು ಕರುಗಳಲ್ಲಿ ಒಂದು ಕೆಂಪು, ಎರಡು ರೋನ್, ಒಂದು ಬಿಳಿ.

ರೋನ್ ಕಡಸು ನೋಡಲು ಚೆಂದ, ನಿಜ. ಆದರೆ ಬಣ್ಣಕ್ಕೆ ಮರುಳಾಗಿ ಕಾಲು ಸೊಟ್ಟಗಿರುವ ಕಡಸನ್ನು ತರಬೇಡಿ. ತೀರ್ಪುಗಾರರು ನೋಡುವುದು ಬಣ್ಣವನ್ನಲ್ಲ.

ಮೊದಲು ಕಾಗದ ನೋಡಿ

"ತಾಯಿಯಂತೆ ಮಗಳು, ನೂಲಿನಂತೆ ಸೀರೆ" ಎಂಬ ಗಾದೆ ದನಗಳಿಗೂ ಸಲ್ಲುತ್ತದೆ. ಕಡಸು ನೋಡಲು ಹೋದಾಗ ಸಾಧ್ಯವಾದರೆ ಅದರ ತಾಯಿಯನ್ನೂ ನೋಡಿ. ತಾಯಿಯ ಕೆಚ್ಚಲು, ಕಾಲು, ಸ್ವಭಾವ ಹೇಗಿವೆ? ಪ್ರತಿ ವರ್ಷ ತಪ್ಪದೆ ಕರು ಹಾಕುತ್ತಿದೆಯೇ? ಆಮೇಲೆ ನೋಂದಣಿ ಪತ್ರ ಕೇಳಿ. ಅದರಲ್ಲಿ ಹುಟ್ಟಿದ ದಿನ, ತಾಯಿ ತಂದೆಯ ವಂಶ, ಕಿವಿಯ ಹಚ್ಚೆಯ ಸಂಖ್ಯೆ ಇರುತ್ತವೆ. ಪತ್ರದ ಸಂಖ್ಯೆಯೂ ಕಡಸಿನ ಕಿವಿಯ ಹಚ್ಚೆಯೂ ಒಂದೇ ಆಗಿರಬೇಕು. ಇಲ್ಲದಿದ್ದರೆ ಪ್ರದರ್ಶನದ ದಿನ ಬಾಗಿಲಲ್ಲೇ ತಡೆಯಬಹುದು.

ಇನ್ನೆರಡು ವಿಷಯ ಕಡ್ಡಾಯವಾಗಿ ಕೇಳಿ.

ಒಂದು, ಇದು ಅವಳಿಯೇ? ಹೋರಿಗರುವಿನ ಜೊತೆ ಅವಳಿಯಾಗಿ ಹುಟ್ಟಿದ ಹೆಣ್ಣುಕರುಗಳಲ್ಲಿ 100ಕ್ಕೆ 90ಕ್ಕಿಂತ ಹೆಚ್ಚು ಗೊಡ್ಡಾಗುತ್ತವೆ. ಗರ್ಭದಲ್ಲಿ ಎರಡರ ರಕ್ತವೂ ಬೆರೆತು, ಗಂಡಿನ ಹಾರ್ಮೋನುಗಳ ಪ್ರಭಾವದಿಂದ ಹೆಣ್ಣಿನ ಜನನಾಂಗ ಸರಿಯಾಗಿ ಬೆಳೆಯುವುದಿಲ್ಲ. ಹೊರಗಿನಿಂದ ನೋಡಿದರೆ ತಿಳಿಯುವುದೂ ಇಲ್ಲ. ತಳಿಗೆಂದು ಕೊಳ್ಳುವ ಕಡಸು ಗೊಡ್ಡಾದರೆ ಹಣವೂ ಹೋಯಿತು, ಮಗುವಿನ ಎರಡು ವರ್ಷದ ಶ್ರಮವೂ ಹೋಯಿತು.

ಎರಡು, ವಂಶವಾಹಿ ದೋಷಗಳ ಪರೀಕ್ಷೆ ಆಗಿದೆಯೇ? ಶಾರ್ಟ್‌ಹಾರ್ನ್ ವಂಶಗಳಲ್ಲಿ ಟಿ.ಎಚ್. ಮತ್ತು ಪಿ.ಎಚ್.ಎ. ಎಂಬ ಎರಡು ದೋಷಗಳಿವೆ. ಮೊದಲನೆಯದರಲ್ಲಿ ಕರುವಿನ ಹಿಂಗಾಲಿನ ಮೂಳೆ ಸರಿಯಾಗಿ ಮೂಡಿರುವುದಿಲ್ಲ. ಎರಡನೆಯದರಲ್ಲಿ ಶ್ವಾಸಕೋಶ ಬೆಳೆದಿರುವುದಿಲ್ಲ, ಮೈಯೆಲ್ಲ ನೀರು ತುಂಬಿ ಊದಿರುತ್ತದೆ. ಹೀಗೆ ಹುಟ್ಟಿದ ಕರು ಉಳಿಯುವುದಿಲ್ಲ. ಊದಿದ ಕರುವಿನಿಂದ ತಾಯಿಯ ಜೀವಕ್ಕೂ ಅಪಾಯ. ದೋಷದ ಒಂದೇ ಜೀನ್ ಇರುವ ದನ 'ವಾಹಕ', ನೋಡಲು ಪೂರ್ತಿ ಆರೋಗ್ಯವಾಗಿರುತ್ತದೆ. ವಾಹಕ ಹಸುವಿಗೆ ಅದೇ ದೋಷದ ವಾಹಕ ಗೂಳಿ ಕೂಡಿದರೆ ಮಾತ್ರ ನಾಲ್ಕರಲ್ಲಿ ಒಂದು ಪಾಲು ಅಂಥ ಕರು ಹುಟ್ಟುವ ಸಂಭವ. ಕೂದಲು ಅಥವಾ ರಕ್ತದ ಡಿ.ಎನ್.ಎ. ಪರೀಕ್ಷೆಯಿಂದ ಇದನ್ನು ಮೊದಲೇ ತಿಳಿಯಬಹುದು. ವಾಹಕ ಕಡಸನ್ನು ಸಾಕಲೇಬಾರದು ಎಂದಲ್ಲ, ಆದರೆ ಅದಕ್ಕೆ ದೋಷಮುಕ್ತ ಗೂಳಿಯನ್ನೇ ಕೂಡಿಸಬೇಕು. ಹುಟ್ಟುವ ಕರುಗಳನ್ನೂ ಪರೀಕ್ಷಿಸಬೇಕು.

ಪತ್ರದಲ್ಲಿ ಇ.ಪಿ.ಡಿ. ಎಂಬ ಅಂಕಿಗಳೂ ಇರುತ್ತವೆ. ದನದ ಸಂತಾನ ಹೇಗಿರಬಹುದೆಂಬ ಅಂದಾಜು ಅದು. ಉದಾಹರಣೆಗೆ, ಹುಟ್ಟುತೂಕದಲ್ಲಿ ಒಂದು ಗೂಳಿಯ ಅಂಕಿ 1, ಇನ್ನೊಂದರದು 4 ಇದ್ದರೆ, ಎರಡನೆಯ ಗೂಳಿಯ ಕರುಗಳು ಸರಾಸರಿ 3 ಪೌಂಡ್ ಹೆಚ್ಚು ತೂಗುತ್ತವೆ ಎಂದರ್ಥ. ಚೊಚ್ಚಲ ಹೆರಿಗೆಗೆ ಈ ಅಂಕಿ ಕಡಿಮೆ ಇದ್ದಷ್ಟೂ ಒಳ್ಳೆಯದು.

ಕಡಸನ್ನು ನೋಡುವ ಕ್ರಮ

ನಮ್ಮ ಹಳ್ಳಿಗಳಲ್ಲಿ ದನ ಕೊಳ್ಳುವವರು ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ, ಮೈಮೇಲಿನ ಸುಳಿ ನೋಡುತ್ತಾರೆ. ಹಲ್ಲಿನ ಲೆಕ್ಕ ಎಲ್ಲ ದೇಶದಲ್ಲೂ ನಡೆಯುತ್ತದೆ. ಹಾಲುಹಲ್ಲು ಬಿದ್ದು ಮೊದಲ ಜೋಡಿ ದೊಡ್ಡ ಹಲ್ಲು ಬರುವುದು ಸುಮಾರು ಒಂದೂವರೆಯಿಂದ ಎರಡು ವರ್ಷಕ್ಕೆ. ಒಂದು ವರ್ಷದ್ದೆಂದು ಹೇಳಿದ ಕಡಸು 'ಎರಡು ಹಲ್ಲಾಗಿದ್ದರೆ' ವಯಸ್ಸಿನ ಬಗ್ಗೆ ಪ್ರಶ್ನೆ ಕೇಳಬೇಕು. ಸುಳಿಯಿಂದ ಮನೆಗೆ ಕೇಡು ಒಳಿತು ಎಂಬುದನ್ನು ಇಲ್ಲಿ ಯಾರೂ ನೋಡುವುದಿಲ್ಲ. ಆದರೆ ಕೊಲರಾಡೋದ ಪ್ರಾಣಿ ವಿಜ್ಞಾನಿ ಟೆಂಪಲ್ ಗ್ರ್ಯಾಂಡಿನ್ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಸ್ವಾರಸ್ಯವಿದೆ. ಹಣೆಯ ಸುಳಿ ಕಣ್ಣಿಗಿಂತ ಮೇಲಿದ್ದ ದನಗಳು, ಕಟ್ಟಿ ಹಿಡಿದಾಗ ಉಳಿದವಕ್ಕಿಂತ ಹೆಚ್ಚು ಗಾಬರಿಪಟ್ಟವೆಂದು ಅವರು ಕಂಡರು.

ಇನ್ನು ತೀರ್ಪುಗಾರರಂತೆ ನೋಡುವುದು ಹೇಗೆ? ಆತುರಪಡದೆ, ಹದಿನೈದು ಇಪ್ಪತ್ತು ಅಡಿ ದೂರ ನಿಂತು ಶುರುಮಾಡಿ.

ಪಕ್ಕದಿಂದ: ಬೆನ್ನು ನೇರವಾಗಿರಬೇಕು, ತಗ್ಗು ಉಬ್ಬು ಇರಬಾರದು. ಸೊಂಟದ ಮೂಳೆಯಿಂದ ಬಾಲದ ಬುಡದ ಮೂಳೆಯವರೆಗೆ ಅತಿ ಸ್ವಲ್ಪ ಇಳಿಜಾರು ಇದ್ದರೆ ಚೆನ್ನ. ಕತ್ತು ಉದ್ದವಾಗಿ, ತೆಳ್ಳಗೆ, ಹೆಗಲಿಗೆ ನಯವಾಗಿ ಸೇರಬೇಕು. ಇದಕ್ಕೇ ಇಲ್ಲಿನವರು 'ಹೆಣ್ಣುಕಳೆ' ಎನ್ನುವ ಅರ್ಥದ ಮಾತು ಬಳಸುತ್ತಾರೆ. ಹೋರಿಯಂತೆ ದಪ್ಪ ಕತ್ತು, ಒರಟು ಹೆಗಲು ಇರಬಾರದು. ಪಕ್ಕೆಗಳು ಆಳವಾಗಿರಬೇಕು.

ಹಿಂದಿನಿಂದ: ಎರಡು ಹಿಂಗಾಲುಗಳೂ ನೇರವಾಗಿ, ಒಂದಕ್ಕೊಂದು ಸಮಾನಾಂತರವಾಗಿ ಇಳಿದಿರಬೇಕು. ಹಿಮ್ಮಡಿಯ ಕೀಲುಗಳು ಒಳಕ್ಕೆ ಬಾಗಿ ಒಂದನ್ನೊಂದು ಮುಟ್ಟುವಂತಿದ್ದರೆ ಅದು ದೋಷ. ಸೊಂಟ ಅಗಲವಾಗಿದ್ದರೆ ಮುಂದೆ ಕರು ಹಾಕಲು ಅನುಕೂಲ. ಪಕ್ಕೆಗಳು ಪೀಪಾಯಿಯಂತೆ ಹೊರಬಾಗಿದ್ದರೆ ಹೊಟ್ಟೆಗೆ ಜಾಗ ಇದೆ ಎಂದು ತಿಳಿಯಿರಿ. ಹೆಚ್ಚು ಹುಲ್ಲು ತಿಂದು ಮೈಗೂಡಿಸಿಕೊಳ್ಳುವ ಹಸು ಅದು.

ಮುಂದಿನಿಂದ: ಎದೆ ಅಗಲವಾಗಿರಬೇಕು, ಮುಂಗಾಲುಗಳ ನಡುವೆ ಜಾಗ ಇರಬೇಕು. ಗೊರಸುಗಳು ನೇರ ಮುಂದಕ್ಕೆ ನೋಡಬೇಕು.

ನಡೆಸಿ ನೋಡಿ: ನಿಂತ ದನ ದೋಷ ಮುಚ್ಚಿಡಬಲ್ಲದು, ನಡೆಯುವ ದನಕ್ಕೆ ಅದು ಆಗದು. ಮುಂಗಾಲು ಎತ್ತಿದ ಜಾಗದಲ್ಲೇ ಹೆಚ್ಚುಕಡಿಮೆ ಹಿಂಗಾಲಿನ ಗೊರಸು ಬಿದ್ದರೆ ನಡಿಗೆ ಚೆನ್ನಾಗಿದೆ ಎಂದರ್ಥ. ಹಿಂಗಾಲು ಕಂಬದಂತೆ ತೀರ ನೇರವಿದ್ದರೆ ಹೆಜ್ಜೆ ಮೊಟಕಾಗುತ್ತದೆ, ವಯಸ್ಸಾದಂತೆ ಕೀಲು ನೋಯುತ್ತದೆ. ಹತ್ತು ವರ್ಷ ಹೊಲದಲ್ಲಿ ನಡೆದು ಮೇಯಬೇಕಾದ ಹಸುವಿಗೆ ಕಾಲೇ ಬಂಡವಾಳ.

ಕೆಚ್ಚಲು: ಕಡಸಿನಲ್ಲಿ ಕೆಚ್ಚಲು ಇನ್ನೂ ಬೆಳೆದಿರುವುದಿಲ್ಲ. ಆದರೂ ನಾಲ್ಕು ಮೊಲೆತೊಟ್ಟುಗಳು ಸಣ್ಣಗೆ, ಸಮ ಅಂತರದಲ್ಲಿ ಇವೆಯೇ ನೋಡಿ. ಹೆಚ್ಚುವರಿ ತೊಟ್ಟಿದ್ದರೆ ಪಶುವೈದ್ಯರಿಗೆ ತೋರಿಸಿ.

ಕೊನೆಯದಾಗಿ ಸ್ವಭಾವ: ತಲೆ ಎತ್ತಿ, ಕಣ್ಣರಳಿಸಿ, ಬೇಲಿಗೆ ಹಾಯುವ ಕಡಸು ಎಷ್ಟೇ ಸುಂದರವಾಗಿರಲಿ, ಮೊದಲ ಸಲ ಸಾಕುವ ಮಗುವಿಗೆ ಬೇಡ.

ಮೇವು: ಕೊಬ್ಬಿದ್ದೆಲ್ಲ ಚೆಲುವಲ್ಲ

ಪ್ರದರ್ಶನಕ್ಕೆ ದುಂಡಗೆ ಕಾಣಲಿ ಎಂದು ಕಡಸಿಗೆ ಕಾಳು ಸುರಿಯುವವರಿದ್ದಾರೆ. ಇದು ದೊಡ್ಡ ಹಾನಿ. ಎಳೆ ವಯಸ್ಸಿನಲ್ಲಿ ಅತಿಯಾಗಿ ಕೊಬ್ಬಿದರೆ ಹಾಲಿನ ಗ್ರಂಥಿ ಬೆಳೆಯಬೇಕಾದ ಕೆಚ್ಚಲಲ್ಲಿ ಕೊಬ್ಬು ತುಂಬುತ್ತದೆ. ಮುಂದೆ ಅದರ ಕರುವಿಗೆ ಹಾಲು ಕಡಿಮೆಯಾಗುತ್ತದೆ. ಗಬ್ಬ ನಿಲ್ಲುವುದೂ ಕಷ್ಟವಾಗಬಹುದು, ಹೆರಿಗೆಯೂ ಕಷ್ಟ. ಹಸಿವಿನಲ್ಲಿ ಬೆಳೆದ ಕಡಸು ಬೆದೆಗೆ ತಡವಾಗಿ ಬರುತ್ತದೆ. ಹಾಗಾಗಿ ಹದ ಬೇಕು. ಇಲ್ಲಿ ದನದ ಮೈಕಟ್ಟನ್ನು 1ರಿಂದ 9ರವರೆಗಿನ ಅಂಕದಲ್ಲಿ ಅಳೆಯುತ್ತಾರೆ. ಒಂದು ಎಂದರೆ ಎಲುಬಿನ ಹಂದರ, ಒಂಬತ್ತು ಎಂದರೆ ಕೊಬ್ಬಿನ ಮುದ್ದೆ. ಕಡಸು 5 ಅಥವಾ 6ರಲ್ಲಿರಬೇಕು. ಪಕ್ಕೆಯ ಮೇಲೆ ಕೈಯಾಡಿಸಿದರೆ ಎಲುಬು ಕೈಗೆ ತಿಳಿಯಬೇಕು, ಕಣ್ಣಿಗೆ ಎದ್ದು ಕಾಣಬಾರದು.

ಒಳ್ಳೆಯ ಒಣಹುಲ್ಲು ಯಾವಾಗಲೂ ಇರಲಿ. ಕಾಳಿನ ಮಿಶ್ರಣ ಮಿತವಾಗಿರಲಿ. ಖನಿಜದ ಉಪ್ಪು ಇರಲಿ. ಮೇವನ್ನು ಒಮ್ಮೆಲೇ ಬದಲಿಸಿದರೆ ಹೊಟ್ಟೆಯುಬ್ಬರ ಬರಬಹುದು, ಏಳೆಂಟು ದಿನ ಹಿಡಿದು ನಿಧಾನಕ್ಕೆ ಬದಲಿಸಿ. ಬೇಸಿಗೆಯಲ್ಲಿ 600 ಪೌಂಡಿನ ಕಡಸು ದಿನಕ್ಕೆ 10 ಗ್ಯಾಲನ್‌ಗೂ ಹೆಚ್ಚು ನೀರು ಕುಡಿಯಬಹುದು. ತೊಟ್ಟಿ ಶುದ್ಧವಾಗಿರಲಿ.

ಮಕ್ಕಳೇ, ತಕ್ಕಡಿ ಇಲ್ಲದೆಯೂ ತೂಕ ಅಂದಾಜು ಮಾಡಬಹುದು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನು ಅಂಗುಲದಲ್ಲಿ ಅಳೆದು ವರ್ಗ ಮಾಡಿ. ಅದನ್ನು ಹೆಗಲ ತುದಿಯಿಂದ ಬಾಲದ ಬುಡದ ಮೂಳೆಯವರೆಗಿನ ಉದ್ದದಿಂದ ಗುಣಿಸಿ, 300ರಿಂದ ಭಾಗಿಸಿ. ಬಂದದ್ದು ಪೌಂಡಿನಲ್ಲಿ ತೂಕ. ಸುತ್ತಳತೆ 66, ಉದ್ದ 54 ಅಂಗುಲವಾದರೆ, 66 ಗುಣಿಸು 66, ಗುಣಿಸು 54, ಭಾಗಿಸು 300; ಸುಮಾರು 784 ಪೌಂಡ್. ತಿಂಗಳಿಗೊಮ್ಮೆ ಅಳೆದು ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಪಳಗಿಸುವುದು

ಬಾಚಣಿಗೆ ಹಿಡಿಯುವ ಮೊದಲು ಕಡಸು ನಿಮ್ಮನ್ನು ನಂಬಬೇಕು. ಮೊದಲ ಕೆಲವು ದಿನ ಕೊಟ್ಟಿಗೆಯಲ್ಲಿ ಸುಮ್ಮನೆ ಕೂತು ಮಾತಾಡಿ, ಹಾಡಿ, ಪುಸ್ತಕ ಓದಿ. ಕನ್ನಡ ಪಾಠವನ್ನು ಗಟ್ಟಿಯಾಗಿ ಓದಿದರೂ ಆದೀತು, ಕಡಸು ತಪ್ಪು ಹಿಡಿಯುವುದಿಲ್ಲ! ಆಮೇಲೆ ಹಗ್ಗದ ಹಾಲ್ಟರ್ ತೊಡಿಸಿ, ದಿನಕ್ಕೆ ಅರ್ಧ ಗಂಟೆ ಗಟ್ಟಿ ಗೂಟಕ್ಕೆ ಕಟ್ಟಿ. ಕಟ್ಟಿದಾಗ ಹತ್ತಿರವೇ ಇರಿ. ಎಳೆದರೆ ಬಿಚ್ಚಿಕೊಳ್ಳುವ ಗಂಟು ಹಾಕಲು ಕಲಿಯಿರಿ. ಹಗ್ಗವನ್ನು ಎಂದಿಗೂ ಕೈಗೆ ಸುತ್ತಿಕೊಳ್ಳಬೇಡಿ, ದನ ಓಡಿದರೆ ಬೆರಳು ಹೋಗುತ್ತದೆ.

ನಡೆಸಲು ಶುರುಮಾಡುವಾಗ ನೀರಿನ ತೊಟ್ಟಿಯ ಕಡೆಗೆ ನಡೆಸಿ, ಹೋಗಲು ಅದಕ್ಕೂ ಮನಸ್ಸಿರುತ್ತದೆ. ಅದು ಒಂದು ಹೆಜ್ಜೆ ಇಟ್ಟ ತಕ್ಷಣ ಹಗ್ಗ ಸಡಿಲಿಸಿ. ಹೆಜ್ಜೆ ಇಟ್ಟರೆ ಎಳೆತ ನಿಲ್ಲುತ್ತದೆ ಎಂಬುದು ಅದಕ್ಕೆ ಅರ್ಥವಾಗಬೇಕು. ಬಲದಲ್ಲಿ ನೀವು ಗೆಲ್ಲಲಾರಿರಿ, ತಾಳ್ಮೆಯಲ್ಲಿ ಗೆಲ್ಲಬಹುದು.

ಮೈತೊಳೆದು ಕೂದಲು ಬಾಚುವುದು

ಶಾರ್ಟ್‌ಹಾರ್ನ್‌ಗೆ ಒಳ್ಳೆಯ ಉದ್ದ ಕೂದಲು ಬರುತ್ತದೆ. ಅದನ್ನು ಒಂದು ವಾರದಲ್ಲಿ ತರಲಾಗದು, ತಿಂಗಳುಗಟ್ಟಲೆ ದಿನವೂ ದುಡಿಯಬೇಕು. ಬಿಸಿಲಿಗೆ ದನ ಕೂದಲು ಉದುರಿಸುತ್ತದೆ. ಆದ್ದರಿಂದ ಬೇಸಿಗೆಯಲ್ಲಿ ಹಗಲು ಫ್ಯಾನ್ ಹಾಕಿದ ತಂಪು ಕೊಟ್ಟಿಗೆಯಲ್ಲಿಟ್ಟು, ರಾತ್ರಿ ಹೊರಗೆ ಬಿಡುವುದು ರೂಢಿ.

ದಿನಚರಿ ಹೀಗಿರಲಿ. ಮೊದಲು ಬ್ರಷ್‌ನಿಂದ ಸಗಣಿ, ಧೂಳು ತೆಗೆಯಿರಿ. ತಣ್ಣೀರಿನಲ್ಲಿ ಮೈ ತೋಯಿಸಿ. ಕಾಲಿನಿಂದ ಶುರುಮಾಡಿ ನಿಧಾನಕ್ಕೆ ಮೇಲಕ್ಕೆ ಹೋದರೆ ಬೆಚ್ಚುವುದಿಲ್ಲ. ಕಿವಿಯೊಳಗೆ ನೀರು ಹೋಗದಿರಲಿ. ಸಾಬೂನು ವಾರಕ್ಕೆ ಒಂದೆರಡು ಸಲ ಸಾಕು, ದಿನವೂ ಹಾಕಿದರೆ ಚರ್ಮದ ಎಣ್ಣೆ ಹೋಗಿ ಹೊಟ್ಟೇಳುತ್ತದೆ. ಹಾಕಿದ ಸಾಬೂನು ಒಂದಿಷ್ಟೂ ಉಳಿಯದಂತೆ ತೊಳೆಯಿರಿ. ಆಮೇಲೆ ಬ್ಲೋವರ್‌ನಿಂದ ಗಾಳಿ ಹಾಯಿಸುತ್ತಾ, ಕೂದಲನ್ನು ಮುಂದಕ್ಕೆ ಮತ್ತು ಮೇಲಕ್ಕೆ ಬಾಚಿ ಪೂರ್ತಿ ಒಣಗಿಸಿ. ದಿನವೂ ಹೀಗೆ ಮಾಡಿದರೆ ಕೂದಲು ತಾನೇ ಆ ದಿಕ್ಕಿಗೆ ಏಳಲು ಕಲಿಯುತ್ತದೆ. ಗೊರಸನ್ನು ಪ್ರದರ್ಶನಕ್ಕೆ ಮೂರು ನಾಲ್ಕು ವಾರ ಮೊದಲೇ, ಬಲ್ಲವರಿಂದ ಕತ್ತರಿಸಿಸಿ. ಕೊನೆ ಗಳಿಗೆಯಲ್ಲಿ ಕತ್ತರಿಸಿದರೆ ಕುಂಟುವ ಅಪಾಯವಿದೆ.

ಕ್ಲಿಪ್ಪರ್‌ನಿಂದ ಕೂದಲು ಕತ್ತರಿಸುವುದರ ಉದ್ದೇಶ ಇರುವ ಒಳ್ಳೆಯ ಗುಣವನ್ನು ಎತ್ತಿ ತೋರಿಸುವುದು. ಮುಖ ಮತ್ತು ಕತ್ತಿನ ಕೂದಲು ಗಿಡ್ಡವಾದರೆ ಕತ್ತು ತೆಳ್ಳಗೆ, ಉದ್ದವಾಗಿ ಕಾಣುತ್ತದೆ. ಬೆನ್ನಿನ ಮೇಲಿನ ಕೂದಲನ್ನು ಸಮಮಾಡಿದರೆ ಬೆನ್ನು ನೇರ ಕಾಣುತ್ತದೆ. ಕಾಲಿನ ಕೂದಲನ್ನು ಉಳಿಸಿ ಮೇಲಕ್ಕೆ ಬಾಚುತ್ತಾರೆ. ಮೊದಲ ಸಲ ಅನುಭವಸ್ಥರ ಕೈಯಲ್ಲಿ ಮಾಡಿಸಿ, ಪಕ್ಕದಲ್ಲಿ ನಿಂತು ಕಲಿಯಿರಿ. ಕತ್ತರಿಸಿದ ಕೂದಲನ್ನು ಮತ್ತೆ ಅಂಟಿಸಲಾಗದು. ಕೂದಲು ನಿಲ್ಲಿಸುವ ಅಂಟಿನ ಸ್ಪ್ರೇ ಕೆಲವು ಪ್ರದರ್ಶನಗಳಲ್ಲಿ ನಿಷಿದ್ಧ, ನಿಯಮ ಪುಸ್ತಕ ಓದಿ. ಬಳಸಿದರೆ ಅದೇ ದಿನ ತೊಳೆದು ತೆಗೆಯಿರಿ.

ರಿಂಗಿನಲ್ಲಿ

ಪ್ರದರ್ಶನದಲ್ಲಿ ಎರಡು ಬಗೆ. ತಳಿ ವಿಭಾಗದಲ್ಲಿ ಅಂಕ ಕಡಸಿಗೆ. ಹುಟ್ಟಿದ ದಿನಾಂಕದ ಮೇಲೆ ಗುಂಪು ಮಾಡುತ್ತಾರೆ. ಶೋಮನ್‌ಶಿಪ್ ವಿಭಾಗದಲ್ಲಿ ಅಂಕ ಮಗುವಿಗೆ. ಸಾಧಾರಣ ಕಡಸು ಹಿಡಿದ ಮಗುವೂ ಇದರಲ್ಲಿ ಮೊದಲಾಗಬಹುದು. ಹೊಸಬರು ಇದಕ್ಕೆ ಹೆಚ್ಚು ಗಮನ ಕೊಡಲಿ.

ಕಡಸಿನ ಎಡಬದಿಯಲ್ಲಿ, ಬಲಗೈಯಲ್ಲಿ ಹಗ್ಗ ಹಿಡಿದು ನಡೆಯಿರಿ. ನಿಂತಾಗ ಹಗ್ಗ ಎಡಗೈಗೆ, ಕೋಲು ಬಲಗೈಗೆ. ಈ ಕೋಲು ಹೊಡೆಯಲು ಅಲ್ಲ, ಗೊರಸನ್ನು ಮೆಲ್ಲಗೆ ಮುಟ್ಟಿ ಸರಿಯಾಗಿ ನಿಲ್ಲಿಸಲು, ಹೊಟ್ಟೆಯಡಿ ಸವರಿ ಸಮಾಧಾನಪಡಿಸಲು. ಮುಂದಿನ ದನಕ್ಕೂ ನಿಮಗೂ ನಡುವೆ ಸಾಕಷ್ಟು ಜಾಗ ಬಿಡಿ. ಒಂದು ಕಣ್ಣು ಕಡಸಿನ ಮೇಲೆ, ಒಂದು ಕಣ್ಣು ತೀರ್ಪುಗಾರರ ಮೇಲೆ ಇರಲಿ. "ನಿನ್ನ ಕಡಸು ಹುಟ್ಟಿದ್ದು ಯಾವಾಗ? ಏನು ತಿನ್ನಿಸುತ್ತೀ? ಇದರಲ್ಲಿರುವ ದೋಷ ಏನು?" ಎಂದು ಅವರು ಕೇಳಬಹುದು. ದೋಷವೇ ಇಲ್ಲ ಎನ್ನಬೇಡಿ. ಇರುವುದನ್ನು ಗುರುತಿಸಿ ಹೇಳುವ ಮಗುವಿಗೆ ಅಂಕ ಹೆಚ್ಚು. ಅಂದಹಾಗೆ, ಅಮೆರಿಕದಲ್ಲಿ ಮೊದಲ ಬಹುಮಾನದ ರಿಬ್ಬನ್ ನೀಲಿ, ಬ್ರಿಟನ್ ಮತ್ತು ಕೆನಡಾಗಳಲ್ಲಿ ಕೆಂಪು.

ಕಡಸು ತಾಯಿಯಾಗುವಾಗ

ಕಡಸು ಸಾಮಾನ್ಯವಾಗಿ 12ರಿಂದ 14 ತಿಂಗಳಿಗೆ ಬೆದೆಗೆ ಬರುತ್ತದೆ. ಆದರೆ ವಯಸ್ಸಿನ ಜೊತೆಗೆ ತೂಕವನ್ನೂ ನೋಡಬೇಕು. ಬೆಳೆದ ಮೇಲೆ ಎಷ್ಟು ತೂಗುತ್ತದೆಯೋ ಅದರ 100ಕ್ಕೆ 60ರಿಂದ 65ರಷ್ಟು ತೂಕ ಬಂದ ಮೇಲೆ, ಸುಮಾರು 14-15 ತಿಂಗಳಿಗೆ ಗೂಳಿ ಕೂಡಿಸುತ್ತಾರೆ ಅಥವಾ ಕೃತಕ ಗರ್ಭಧಾರಣೆ ಮಾಡಿಸುತ್ತಾರೆ. ತಾಯಿ 1300 ಪೌಂಡ್ ಇದ್ದರೆ ಕಡಸು 780ರಿಂದ 845 ಪೌಂಡ್ ಆಗಿರಬೇಕು. ಏಳನೇ ತಿಂಗಳಲ್ಲಿ 500 ಪೌಂಡ್ ಇದ್ದ ಕಡಸು ಹದಿನಾಲ್ಕನೇ ತಿಂಗಳಿಗೆ 800 ಆಗಬೇಕಾದರೆ, ದಿನಕ್ಕೆ ಒಂದೂವರೆ ಪೌಂಡಿನಷ್ಟು ಬೆಳೆದರೆ ಸಾಕು. ಕಾಳು ಸುರಿಯುವ ಅಗತ್ಯ ಇಲ್ಲವೆಂದು ಈ ಲೆಕ್ಕವೇ ಹೇಳುತ್ತದೆ.

ಬೆದೆ ಸುಮಾರು 21 ದಿನಕ್ಕೊಮ್ಮೆ ಬರುತ್ತದೆ. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮಾರನೆಯ ಬೆಳಿಗ್ಗೆ ಕೃತಕ ಗರ್ಭಧಾರಣೆ ಮಾಡಿಸುವುದು ರೂಢಿ. ಗರ್ಭದ ಅವಧಿ ಸುಮಾರು 283 ದಿನ. ಜೂನ್ 15ಕ್ಕೆ ಗಬ್ಬವಾದರೆ ಮಾರ್ಚ್ 25ರ ಸುಮಾರಿಗೆ ಕರು. ಚೊಚ್ಚಲ ಹೆರಿಗೆಯಲ್ಲಿ ಬಲವಾಗಿ ಮುಕ್ಕುತ್ತಾ ಒಂದು ಗಂಟೆಯಾದರೂ ಮುಂದುವರಿಯದಿದ್ದರೆ ಕಾಯಬೇಡಿ, ಪಶುವೈದ್ಯರನ್ನು ಕರೆಯಿರಿ. ಅವರ ಫೋನ್ ನಂಬರನ್ನು ಕೊಟ್ಟಿಗೆಯ ಗೋಡೆಗೆ ಮೊದಲೇ ಅಂಟಿಸಿಡಿ.

ಗಿಣ್ಣು ಎಂದರೆ ನಮಗೆಲ್ಲ ಬಾಯಲ್ಲಿ ನೀರೂರುತ್ತದೆ. ಆದರೆ ಗಿಣ್ಣುಹಾಲಿನ ಮೊದಲ ಹಕ್ಕುದಾರ ಕರು. ಕರು ರೋಗನಿರೋಧಕ ಶಕ್ತಿ ಇಲ್ಲದೆ ಹುಟ್ಟುತ್ತದೆ. ಗಿಣ್ಣುಹಾಲಿನಲ್ಲಿರುವ ಆ ಶಕ್ತಿಯನ್ನು ಹೀರುವ ಸಾಮರ್ಥ್ಯ ಅದರ ಕರುಳಿಗೆ ಹುಟ್ಟಿದ ಕೆಲವೇ ಗಂಟೆಗಳಲ್ಲಿ ಕುಗ್ಗುತ್ತಾ ಹೋಗಿ, ಒಂದು ದಿನದೊಳಗೆ ನಿಂತೇ ಹೋಗುತ್ತದೆ. ಎರಡು ಗಂಟೆಯೊಳಗೆ ಕರು ಎದ್ದು ಹಾಲು ಕುಡಿದರೆ ನಿಶ್ಚಿಂತೆ.

ಆರೋಗ್ಯ, ಮತ್ತು ಊರಿಗೆ ಹೋಗಿ ಬರುವವರಿಗೊಂದು ಮಾತು

ಬ್ರೂಸೆಲ್ಲೋಸಿಸ್ ಎಂಬ ರೋಗ ದನದಲ್ಲಿ ಗರ್ಭಪಾತ ಮಾಡಿಸುತ್ತದೆ, ಮನುಷ್ಯರಿಗೂ ಅಂಟುತ್ತದೆ. ಇಲ್ಲಿ ಅದರ ಲಸಿಕೆಯನ್ನು ಹೆಣ್ಣುಕರುಗಳಿಗೆ 4ರಿಂದ 12 ತಿಂಗಳ ಒಳಗೆ ಅಧಿಕೃತ ಪಶುವೈದ್ಯರೇ ಹಾಕಬೇಕು. ಅದು ಕಡ್ಡಾಯವೇ ಎಂಬುದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಭಾರತದಲ್ಲೂ 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ 4ರಿಂದ 8 ತಿಂಗಳ ಹೆಣ್ಣುಕರುಗಳಿಗೆ ಇದರ ಲಸಿಕೆ ಹಾಕುತ್ತಾರೆ. ಮೈಮೇಲೆ ದುಂಡಗೆ ಕೂದಲುದುರಿದ ಹುಳುಕಡ್ಡಿ ಕಂಡರೆ ಪ್ರದರ್ಶನಕ್ಕೆ ಸೇರಿಸುವುದಿಲ್ಲ. ಅದು ಮಕ್ಕಳ ಚರ್ಮಕ್ಕೂ ಹರಡುತ್ತದೆ. ಹಕ್ಕಿಜ್ವರದ ವೈರಸ್ 2024ರಲ್ಲಿ ಅಮೆರಿಕದ ಹಾಲಿನ ಹಸುಗಳಲ್ಲೂ ಕಂಡುಬಂದ ಮೇಲೆ ಫೇರ್‌ಗಳು ಹೆಚ್ಚು ಎಚ್ಚರ ವಹಿಸಿವೆ. ಕೊಟ್ಟಿಗೆಯಿಂದ ಬಂದ ಮೇಲೆ ಸಾಬೂನು ಹಾಕಿ ಕೈತೊಳೆಯದೆ ಏನನ್ನೂ ತಿನ್ನಬೇಡಿ. ಕಾಯಿಸದ ಹಾಲು ಕುಡಿಯಬೇಡಿ.

ಇನ್ನೊಂದು ಎಚ್ಚರಿಕೆ ನಮ್ಮಂಥ ಮನೆಗಳಿಗೇ ಸಂಬಂಧಿಸಿದ್ದು. ಕಾಲುಬಾಯಿ ಜ್ವರ ಭಾರತದಲ್ಲಿ ಇನ್ನೂ ಇದೆ. ಅಮೆರಿಕದಲ್ಲಿ 1929ರ ನಂತರ ಅದು ಕಾಣಿಸಿಕೊಂಡಿಲ್ಲ. ರಜೆಯಲ್ಲಿ ಅಜ್ಜಿಯ ಮನೆಗೆ ಹೋಗಿ ಹಟ್ಟಿಯಲ್ಲಿ ಓಡಾಡಿದ ಚಪ್ಪಲಿ ಶೂಗಳ ಮೂಲಕ ಈ ವೈರಸ್ ಹಡಗು ವಿಮಾನ ದಾಟಿ ಬರಬಲ್ಲದು. ಹಿಂತಿರುಗುವಾಗ ಹೊಲ, ಕೊಟ್ಟಿಗೆಗೆ ಹೋಗಿದ್ದರೆ ಕಸ್ಟಮ್ಸ್‌ನಲ್ಲಿ ತಪ್ಪದೆ ಹೇಳಿ. ಶೂ, ಬಟ್ಟೆ ತೊಳೆಯಿರಿ. ಬಂದ ಕೂಡಲೇ ನಿಮ್ಮ ಕಡಸಿನ ಬಳಿಗೆ ಓಡಬೇಡಿ. ಎಷ್ಟು ದಿನ ಬಿಟ್ಟು ಹೋಗಬೇಕೆಂದು ಪಶುವೈದ್ಯರನ್ನು ಕೇಳಿ. ನೀವು ಇಲ್ಲದ ದಿನಗಳಲ್ಲಿ ಮೇವು ನೀರು ನೋಡುವವರು ಯಾರೆಂದು ಟಿಕೆಟ್ ಕೊಳ್ಳುವ ಮೊದಲೇ ಗೊತ್ತುಮಾಡಿ.

ಪೋಷಕರಿಗೆ

ನಮ್ಮಲ್ಲಿ ಹೆಚ್ಚಿನವರು ಊರಂಚಿನ ಬಡಾವಣೆಯಲ್ಲಿ ವಾಸಿಸುವವರು, ಹಿತ್ತಿಲಲ್ಲಿ ದನ ಕಟ್ಟಲಾಗದು. ಕೆಲವು ಕೌಂಟಿಗಳಲ್ಲಿ ರೈತರಿಂದ ಕಡಸನ್ನು ಗುತ್ತಿಗೆಗೆ ಪಡೆದು, ಅವರ ಕೊಟ್ಟಿಗೆಯಲ್ಲೇ ಸಾಕಲು ಫೋರ್-ಎಚ್ ನಿಯಮದಲ್ಲಿ ಅವಕಾಶವಿದೆ. ಕೌಂಟಿಯ ವಿಸ್ತರಣಾ ಕಚೇರಿಗೆ ಫೋನ್ ಮಾಡಿ ವಿಚಾರಿಸಿ. ಹೆಸರು ನೋಂದಾಯಿಸುವ ಕೊನೆಯ ದಿನ ಫೇರ್‌ಗಿಂತ ತಿಂಗಳುಗಳ ಮೊದಲೇ ಮುಗಿದಿರುತ್ತದೆ, ಮರೆಯಬೇಡಿ.

ಕೊಳ್ಳುವ ಅಥವಾ ಗುತ್ತಿಗೆಗೆ ತರುವ ದಿನ ಈ ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ:

1. ನೋಂದಣಿ ಪತ್ರ ಇದೆಯೇ? ಕಿವಿಯ ಹಚ್ಚೆ ಹೊಂದುತ್ತದೆಯೇ?
2. ಹೋರಿಗರುವಿನ ಜೊತೆ ಅವಳಿಯಾಗಿ ಹುಟ್ಟಿದ್ದೇ?
3. ಟಿ.ಎಚ್., ಪಿ.ಎಚ್.ಎ. ಪರೀಕ್ಷೆಯ ಫಲಿತಾಂಶ ಏನು?
4. ಯಾವ ಯಾವ ಲಸಿಕೆ ಆಗಿದೆ?
5. ತಾಯಿ ಎಷ್ಟು ತೂಕ? ಎಷ್ಟು ಕರು ಹಾಕಿದೆ?
6. ಈಗ ಏನು ತಿನ್ನುತ್ತಿದೆ, ಎಷ್ಟು?
7. ಮಗು ಹಗ್ಗ ಹಿಡಿದು ನಡೆಸಿ ನೋಡಬಹುದೇ?
8. ಮುಂದೆ ಕಡಸು ಮತ್ತು ಅದರ ಕರು ಯಾರಿಗೆ ಸೇರಬೇಕು?

ಕೊನೆಯ ಪ್ರಶ್ನೆಗೆ ಉತ್ತರ ಬರವಣಿಗೆಯಲ್ಲೇ ಇರಲಿ. ಎರಡು ವರ್ಷ ಬೆಳಿಗ್ಗೆ ಸಂಜೆ ಮೈತೊಳೆದು, ಹೆಸರಿಟ್ಟು ಕರೆದ ಜೀವವನ್ನು ಒಂದು ದಿನ ಬಿಟ್ಟು ಬರಬೇಕಾದರೆ ಅದು ಮಗುವಿಗೆ ಮೊದಲೇ ತಿಳಿದಿರಬೇಕು. ರಿಬ್ಬನ್ ಬರಲಿ ಬಾರದಿರಲಿ, ಮಳೆಯಿರಲಿ ಪರೀಕ್ಷೆಯಿರಲಿ, ಮಾತು ಬಾರದ ಇನ್ನೊಂದು ಜೀವಕ್ಕೆ ಹೊತ್ತಿಗೆ ಸರಿಯಾಗಿ ನೀರು ಮೇವು ಕೊಡುವುದನ್ನು ಕಲಿತ ಮಗು ಬದುಕಿಗೆ ಬೇಕಾದ ಒಂದು ದೊಡ್ಡ ಪಾಠ ಕಲಿತಂತೆಯೇ. ಈ ಬೇಸಿಗೆಯಲ್ಲಿ ನಿಮ್ಮ ಹತ್ತಿರದ ಕೌಂಟಿ ಫೇರ್‌ಗೆ ಹೋದಾಗ ತಿರುಗುವ ತೊಟ್ಟಿಲು ಮುಗಿಸಿಕೊಂಡು ದನದ ಕೊಟ್ಟಿಗೆಗೂ ಹೋಗಿ ಬನ್ನಿ. ಅಲ್ಲಿರುವ ಮಕ್ಕಳನ್ನು ಮಾತಾಡಿಸಿ, ಅವರು ಸಂತೋಷದಿಂದ ಹೇಳಿಕೊಡುತ್ತಾರೆ.